ಫೋರ್ಟ್ರಾನ್‌ನಲ್ಲಿ ಘೋಷಿಸದ ಹೆಸರುಗಳು: ಒಂದು ಟಿಪ್ಪಣಿ

ಜಾನ್ ಬ್ಯಾಕಸ್ ಅವರ ಮುಂದಾಳತ್ವದಲ್ಲಿ ಐಬಿಎಂ ತಂಡ 1957ರಲ್ಲಿ ಹೊರತಂದ ಮೊದಲ ಫೋರ್ಟ್ರಾನ್‌ನಲ್ಲಿ ವೇರಿಯಬಲ್ ಯಾವ ಬಗೆಯದೆಂದು ಘೋಷಿಸುವ ಸೌಲಭ್ಯವೇ ಇರಲಿಲ್ಲ. ಹೆಸರು 'ಐ'ಯಿಂದ 'ಎನ್'ವರೆಗಿನ ಅಕ್ಷರದಿಂದ ಶುರುವಾದರೆ ಪೂರ್ಣಾಂಕ, ಇಲ್ಲವಾದರೆ ದಶಮಾಂಶ ಸಂಖ್ಯೆ. ಗಣಿತದ ರೂಢಿಗೆ ಹೊಂದುವ ಈ ನಿಯಮವನ್ನು ಆ ಕಾಲಕ್ಕೆ ಆಕ್ಷೇಪಿಸುವಂತಿಲ್ಲ.

ತೊಂದರೆ ಎರಡು ಬಗೆಯದು. 'ಸಮ್' 11, 'ಎನ್' 4 ಇರುವಾಗ 'ಮೀನ್ = ಸಮ್/ಎನ್' ಎಂದು ಬರೆದರೆ ಭಾಗಲಬ್ಧ 2.75 ಸರಿಯಾಗಿಯೇ ಬರುತ್ತದೆ. ಆದರೆ 'ಮೀನ್' 'ಎಂ'ನಿಂದ ಶುರುವಾಗುವುದರಿಂದ ಅದರಲ್ಲಿ ಉಳಿಯುವುದು 2 ಮಾತ್ರ. ಇದು ಹೇಗೋ ಕಣ್ಣಿಗೆ ಬೀಳುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಕಾಗುಣಿತದ ತಪ್ಪು. ಒಂದು ಅಕ್ಷರ ಅದಲುಬದಲಾದರೆ ಕಂಪೈಲರ್ ತಕರಾರು ತೆಗೆಯದೆ ಹೊಸ ವೇರಿಯಬಲ್ ಒಂದನ್ನು ಸೃಷ್ಟಿಸುತ್ತದೆ. ಅದರ ಆರಂಭಿಕ ಬೆಲೆ ಇಂಥದ್ದೇ ಎಂಬ ಖಾತರಿಯಿಲ್ಲ.

ಹಳೆಯ ಸ್ಥಿರ ವಿನ್ಯಾಸದಲ್ಲಿ ಖಾಲಿ ಜಾಗಕ್ಕೆ ಅರ್ಥವಿಲ್ಲದ್ದರಿಂದ 'ಡೂ 10 ಐ = 1,10' ಎಂಬಲ್ಲಿ ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ ಲೂಪ್ ಮಾಯವಾಗಿ, 'ಡೂ10ಐ' ಎಂಬ ವೇರಿಯಬಲ್‌ಗೆ 1.10 ಬೆಲೆ ಸಿಗುತ್ತದೆ. 1962ರಲ್ಲಿ ಮ್ಯಾರಿನರ್ 1 ಬಾಹ್ಯಾಕಾಶ ನೌಕೆ ನಾಶವಾದದ್ದು ಇದರಿಂದಲೇ ಎಂಬ ಮಾತು ಪುಸ್ತಕಗಳಲ್ಲೂ ಹರಡಿದೆ. ಅದನ್ನು ಒಪ್ಪಲಾಗದು. ಆ ವೈಫಲ್ಯದ ವಿವರಣೆಗಳು ಬೊಟ್ಟು ಮಾಡುವುದು ಮಾರ್ಗದರ್ಶನದ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸಣ್ಣ ಗೆರೆಯತ್ತ. ಚುಕ್ಕೆಯ ದೋಷ ಮರ್ಕ್ಯುರಿ ಬಾಹ್ಯಾಕಾಶ ಯೋಜನೆಯ ಕಕ್ಷಾ ಗಣನೆಯಲ್ಲಿ ಪತ್ತೆಯಾಗಿ ಸರಿಹೋಯಿತೆಂಬ ವರದಿಯಿದೆ.

ಪರಿಹಾರ, ಘೋಷಿಸದ ಹೆಸರನ್ನು ಕಂಪೈಲರ್ ಒಪ್ಪದಂತೆ ಮಾಡುವ 'ಇಂಪ್ಲಿಸಿಟ್ ನನ್' ಎಂಬ ಸಾಲು. ಅದು 1978ರ ಅಮೆರಿಕದ ಸೇನಾ ಮಾನಕದಲ್ಲಿತ್ತು. ಫೋರ್ಟ್ರಾನ್ 90 ಅದನ್ನು ಭಾಷೆಗೇ ಸೇರಿಸಿತು. ಮಾಡ್ಯೂಲಿನ ತಲೆಯಲ್ಲಿ ಬರೆದರೆ ಒಳಗಿನ ಸಬ್‌ರೂಟೀನ್‌ಗಳಿಗೂ ಅನ್ವಯಿಸುತ್ತದೆ. ಆದರೆ ಇಂಟರ್‌ಫೇಸ್ ಬ್ಲಾಕಿನೊಳಗಿನ ಘೋಷಣೆಗಳಿಗೆ ಇದು ತಾನಾಗಿ ಹಬ್ಬುವುದಿಲ್ಲ, ಅಲ್ಲಿ ಮತ್ತೆ ಬರೆಯಲೇಬೇಕು. ಇದನ್ನು ಮರೆಯುವವರು ಅನೇಕರು.

ಹಳೆಯ ಕೋಡ್ ತಿದ್ದುವವರಲ್ಲಿ ಒಂದು ವಿನಂತಿ. 'ಇಂಪ್ಲಿಸಿಟ್ ನನ್' ಸಾಲು ಸೇರಿಸಿದೊಡನೆ ಕಂಪೈಲರ್ ಘೋಷಣೆಯಿಲ್ಲದ ಹೆಸರುಗಳ ಉದ್ದ ಪಟ್ಟಿ ಕೊಡುತ್ತದೆ. ದೂರು ನಿಲ್ಲಲೆಂದು ಎಲ್ಲವನ್ನೂ ಒಟ್ಟಿಗೆ ಘೋಷಿಸಬೇಡಿ. ಹಾಗೆ ಮಾಡಿದರೆ ತಪ್ಪು ಕಾಗುಣಿತಕ್ಕೂ ಅಧಿಕೃತ ಮುದ್ರೆ ಬೀಳುತ್ತದೆ. ಒಂದೊಂದು ಹೆಸರಿಗೂ ಬೆಲೆ ಎಲ್ಲಿ ಸಿಕ್ಕಿತು, ಅದನ್ನು ಎಲ್ಲಿ ಬಳಸಿದೆ ಎಂದು ನೋಡಿದ ಮೇಲೆಯೇ ಘೋಷಿಸಿ.