ನೀರು ಚಿಮುಕಿಸಿದ ದಾರಿ

ಕೋಲಾರದ ಹೋಳೂರಿನ ಕಡೆ ಬೆಳಗಾಯಿತು ಎಂದರೆ ಮೊದಲು ಕೇಳುವುದು ಪೊರಕೆಯ ಸದ್ದು, ಆಮೇಲೆ ಅಂಗಳಕ್ಕೆ ಬೀಳುವ ನೀರಿನ ಸದ್ದು. ಬಾಗಿಲ ಮುಂದೆ ನೆಲ ಒದ್ದೆಯಾಗಿ ರಂಗೋಲಿ ಬಿದ್ದಿದ್ದರೆ ಆ ಮನೆ ಎದ್ದಿದೆ ಎಂದರ್ಥ. ಜಪಾನಿನ ಚಹಾಮನೆಯ ತೋಟದಲ್ಲೂ ಅತಿಥಿ ಬರುವ ಮುನ್ನ ಬಾಗಿಲ ಬಳಿ, ಕಾಲುದಾರಿಯ ಕಲ್ಲುಗಳ ಮೇಲೆ ನೀರು ಚಿಮುಕಿಸುತ್ತಾರೆ. ಇದಕ್ಕೆ ಅಲ್ಲಿನ ಹೆಸರು ‘ಉಚಿಮಿಜು’. ಕಲ್ಲು ಹಸಿಯಾಗಿದ್ದರೆ ಮನೆಯವರು ಸಿದ್ಧರಾಗಿದ್ದಾರೆ, ಒಳಗೆ ಬರಬಹುದು ಎಂದು ಬಂದವರಿಗೆ ತಿಳಿಯುತ್ತದೆ. ಕೂಗಿ ಕರೆಯಬೇಕಾಗಿಲ್ಲ.

ಕೋಲಾರಕ್ಕೆ ಜಪಾನ್ ಅಪರಿಚಿತ ದೇಶವಲ್ಲ. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಸ್ಕೂಟರ್, ಬೈಕುಗಳನ್ನು ತಯಾರಿಸುತ್ತಿದೆ. ಅದಕ್ಕೂ ಬಹಳ ಹಿಂದೆ, 1898ರಲ್ಲಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದಿದ್ದರು. ಅವರ ಮನಸ್ಸನ್ನು ಹಿಡಿದದ್ದು ಆ ದೇಶದ ಶಾಲೆಗಳು, ಕೈಗಾರಿಕೆಗಳು. ಆದರೆ ಅದೇ ದೇಶ ಒಂದು ಬಟ್ಟಲು ಚಹಾ ಕುಡಿಯುವುದಕ್ಕೆಂದೇ ತೋಟ ಕಟ್ಟುವುದನ್ನು ಮುನ್ನೂರು ವರ್ಷ ಮೊದಲೇ ಕಲಿತಿತ್ತು.

ಚಹಾ ಅಲ್ಲಿಗೆ ಹೋದದ್ದು ಚೀನಾದಿಂದ, ಬೌದ್ಧ ಭಿಕ್ಷುಗಳ ಜೊತೆ. 1191ರಲ್ಲಿ ಚೀನಾದಿಂದ ಮರಳಿದ ಐಸಾಯ್ ಎಂಬ ಭಿಕ್ಷು ಚಹಾದ ಬೀಜ ತಂದು ಬಿತ್ತಿಸಿದನೆಂದು ಹೇಳುತ್ತಾರೆ. ಧ್ಯಾನದ ಹೊತ್ತಿನಲ್ಲಿ ನಿದ್ದೆ ಬಾರದಿರಲೆಂದು ಮಠಗಳಲ್ಲಿ ಕುಡಿಯುತ್ತಿದ್ದ ಈ ಪಾನೀಯ ಕ್ರಮೇಣ ಶ್ರೀಮಂತರ ಕೈಗೆ ಬಂತು. ದೊಡ್ಡ ಹಜಾರ, ಚೀನಾದ ದುಬಾರಿ ಪಾತ್ರೆ, ಚಹಾದ ರುಚಿ ಗುರುತಿಸುವ ಪಂದ್ಯ ಎಲ್ಲವೂ ಸೇರಿ ಅದು ಆಡಂಬರದ ಆಟವಾಯಿತು. ಹದಿನೈದನೆಯ ಶತಮಾನದಲ್ಲಿ ಮುರಾತಾ ಜುಕೋ ಅದನ್ನು ಚಿಕ್ಕ ಕೋಣೆಗೆ ಎಳೆದು ತಂದ. ಅದಕ್ಕೆ ಕೊನೆಯ ರೂಪ ಕೊಟ್ಟವನು ಸಕಾಯ್ ಬಂದರಿನ ವ್ಯಾಪಾರಿ ಮನೆತನದ ಸೆನ್ ನೋ ರಿಕ್ಯು (1522–1591).

ಸಕಾಯ್ ಇಕ್ಕಟ್ಟಾದ ಪಟ್ಟಣ. ಮನೆಗೆ ಮನೆ ಅಂಟಿಕೊಂಡಿತ್ತು. ಹಿತ್ತಲಲ್ಲಿ ಗುಡಿಸಲಿನಂಥ ಚಹಾಮನೆ ಕಟ್ಟಿಕೊಂಡವರಿಗೆ ಅಲ್ಲಿಗೆ ಹೋಗಲು ಇದ್ದದ್ದು ಒಂದು ಓಣಿ. ಓಣಿಗೆ ಜಪಾನೀ ಭಾಷೆಯಲ್ಲಿ ‘ರೋಜಿ’. ಮುಂದೆ ಚಹಾ ಗುರುಗಳು ಅದೇ ಉಚ್ಚಾರವನ್ನು ಬೇರೆ ಅಕ್ಷರಗಳಲ್ಲಿ ಬರೆದರು. ಆಗ ಅದರ ಅರ್ಥ ‘ಇಬ್ಬನಿಯ ನೆಲ’ ಎಂದಾಯಿತು. ಈ ಮಾತು ಬಂದದ್ದು ಸದ್ಧರ್ಮಪುಂಡರೀಕ ಸೂತ್ರದಿಂದ. ಅದರಲ್ಲಿ ಉರಿಯುವ ಮನೆಯಿಂದ ತಪ್ಪಿಸಿಕೊಂಡ ಮಕ್ಕಳು ಬಂದು ಕೂರುವುದು ಅಂಥ ಬಯಲಿನಲ್ಲಿ. ಗಲ್ಲಿಗೆ ಇಷ್ಟು ದೊಡ್ಡ ಹೆಸರು ಬೇರೆಲ್ಲಾದರೂ ಸಿಕ್ಕಿದೆಯೋ ಇಲ್ಲವೋ.

ಈ ತೋಟ ನಿಂತು ನೋಡುವುದಕ್ಕಲ್ಲ, ನಡೆದು ದಾಟುವುದಕ್ಕೆ. ಕಣ್ಣು ಸೆಳೆಯುವ ಹೂಗಳನ್ನು ಇಲ್ಲಿ ದೂರವಿಟ್ಟಿದ್ದಾರೆ. ಪಾಚಿ, ಜರಿಗಿಡ, ಹಸಿರು ಮರ, ಅಷ್ಟೇ. ಒಂದೊಂದು ಹೆಜ್ಜೆಗೆ ಒಂದೊಂದು ಕಲ್ಲು ಹಾಕಿರುವುದರಿಂದ ಕಾಲಿನ ಕಡೆ ಗಮನವಿಟ್ಟೇ ನಡೆಯಬೇಕು, ಬೇಡವೆಂದರೂ ನಡಿಗೆ ನಿಧಾನವಾಗುತ್ತದೆ. ದಾರಿ ಕವಲಾದಲ್ಲಿ ಕಪ್ಪು ಹಗ್ಗ ಸುತ್ತಿದ ಪುಟ್ಟ ಕಲ್ಲೊಂದು ಕುಳಿತಿದ್ದರೆ ಆ ಕಡೆ ಹೋಗಬಾರದು. ದೀಪದ ಕಲ್ಲುಗಳು ಮೊದಲು ದೇವಾಲಯಗಳ ಮುಂದೆ ಇದ್ದವು. ಸಂಜೆಯ ಚಹಾಕ್ಕೆ ಬರುವವರಿಗೆ ದಾರಿ ಕಾಣಲೆಂದು ಗುರುಗಳು ಅವನ್ನು ತೋಟಕ್ಕೆ ತಂದರು. ನೆಲಕ್ಕೆ ಹತ್ತಿರವಿರುವ ಕಲ್ಲಿನ ತೊಟ್ಟಿ ‘ತ್ಸುಕುಬಾಯ್’. ಕುಕ್ಕರಗಾಲಲ್ಲಿ ಕೂತು ಕೈ, ಬಾಯಿ ತೊಳೆದುಕೊಂಡೇ ಮುಂದೆ ಹೋಗಬೇಕು.

ಆ ತೊಟ್ಟಿಯ ಸುತ್ತ ಒಂದು ಕಥೆ ಹೇಳುತ್ತಾರೆ. ಸಕಾಯ್‌ನಲ್ಲಿ ರಿಕ್ಯು ಸಮುದ್ರ ಕಾಣುವ ಜಾಗದಲ್ಲಿ ತೋಟ ಮಾಡಿ, ಸಮುದ್ರ ಮರೆಯಾಗುವಂತೆ ಗಿಡ ನೆಟ್ಟನಂತೆ. ಬಂದವರಿಗೆ ಬೇಸರ. ಕೈ ತೊಳೆಯಲು ಬಗ್ಗಿದಾಗ ಎಲೆಗಳ ಸಂದಿಯಲ್ಲಿ ನೀರು ಹೊಳೆಯಿತು. ಕೋಲಾರಮ್ಮನನ್ನು ಕನ್ನಡಿಯಲ್ಲಿ ಕಂಡು ಕೈಮುಗಿಯುವ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾರಿಯ ಕೊನೆಯಲ್ಲಿ ಸುಮಾರು 66 ಸೆಂಟಿಮೀಟರ್ ಉದ್ದಗಲದ ಬಾಗಿಲು. ಸಮುರಾಯ್ ಕತ್ತಿಯನ್ನು ಹೊರಗಿಟ್ಟು, ಮಂಡಿಯೂರಿ ನುಸುಳಬೇಕಿತ್ತು, ವ್ಯಾಪಾರಿಯೂ ಹಾಗೆಯೇ. ರಿಕ್ಯು ಕಟ್ಟಿಸಿದನೆಂದು ನಂಬಲಾದ ಯಾಮಾಜಾಕಿಯ ‘ತಾಯ್ಆನ್’ ಚಹಾಮನೆ ಇಂದಿಗೂ ನಿಂತಿದೆ. ಅದರ ಚಹಾಕೋಣೆಯಲ್ಲಿ ಇರುವುದು ಎರಡು ಚಾಪೆಯ ಜಾಗ. ಅವನ ಒಡೆಯ ತೊಯೊತೊಮಿ ಹಿದೆಯೊಶಿ ಚಿನ್ನದ ತಗಡು ಹೊದಿಸಿದ ಚಹಾಕೋಣೆ ಮಾಡಿಸಿದ್ದ. 1591ರಲ್ಲಿ ಅದೇ ಒಡೆಯನ ಅಪ್ಪಣೆಯಂತೆ ರಿಕ್ಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಕಾರಣವನ್ನು ಇತಿಹಾಸಕಾರರು ಇನ್ನೂ ಚರ್ಚಿಸುತ್ತಿದ್ದಾರೆ.

ಅವನ ಮೊಮ್ಮಗ ಸೋತಾನನ ಮಕ್ಕಳಿಂದ ಬೆಳೆದ ಮೂರು ಮನೆತನಗಳು ಕ್ಯೋಟೋದಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡವು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಂತರ ಆಳ್ವಿಕೆ ಮುಗಿದಾಗ ಗುರುಗಳಿಗೆ ಆಶ್ರಯ ತಪ್ಪಿತು. 1872ರ ಕ್ಯೋಟೋ ವಸ್ತುಪ್ರದರ್ಶನಕ್ಕೆ ಬರುವ ವಿದೇಶಿಯರು ನೆಲದ ಮೇಲೆ ಕೂರಲಾರರೆಂದು ಉರಸೆಂಕೆ ಮನೆತನದ ಗೆಂಗೆನ್ಸಾಯ್ ಕುರ್ಚಿ, ಮೇಜಿನ ಪದ್ಧತಿ ರೂಪಿಸಿದರು. ಮುಂದೆ ಹೆಣ್ಣುಮಕ್ಕಳ ಶಾಲೆಗಳು ಚಹಾವಿದ್ಯೆಯನ್ನು ಪಾಠವಾಗಿ ಕಲಿಸಿದವು. ಒಂದು ಕಾಲಕ್ಕೆ ಗಂಡಸರದ್ದೇ ಆಗಿದ್ದ ವಿದ್ಯೆ ಹೆಚ್ಚಾಗಿ ಹೆಂಗಸರ ಕೈಯಲ್ಲಿ ಬದುಕಿತು.

ಇಂದು ಟೋಕಿಯೋದ ಹಮಾರಿಕ್ಯು ತೋಟದಲ್ಲಿ, ಕೊಳದ ನಡುವಿನ ಚಹಾಮನೆಯಲ್ಲಿ, ಹಣ ಕೊಟ್ಟ ಯಾರಿಗಾದರೂ ಮಚ್ಚಾ ಎಂಬ ಹಸಿರು ಚಹಾ ಸಿಗುತ್ತದೆ. ಆ ಕಟ್ಟಡ 1983ರಲ್ಲಿ ಮತ್ತೆ ಕಟ್ಟಿದ್ದು. ಮೊದಲು ಸಿಹಿ ತಿನ್ನಬೇಕು, ಆಮೇಲೆ ಹಸಿರು ಚಹಾ. ಬಟ್ಟಲಿನ ಚಂದದ ಮುಖ ಕುಡಿಯುವವರ ಕಡೆಗಿಟ್ಟು ಕೊಟ್ಟಿರುತ್ತಾರೆ. ಆ ಮುಖಕ್ಕೆ ತುಟಿ ತಾಕಿಸಬಾರದೆಂದು ಬಟ್ಟಲನ್ನು ಅಂಗೈ ಮೇಲಿಟ್ಟು ಸ್ವಲ್ಪ ತಿರುಗಿಸಿಕೊಂಡು ಕುಡಿಯುತ್ತಾರೆ.