ಕಲ್ಲಿನ ಕಾಕಂಬಿ

ರಾಮನಗರದ ಬೆಟ್ಟಗಳೂ ಗ್ರಾನೈಟ್, ಇಂಗ್ಲೆಂಡಿನ ಕಾರ್ನ್‌ವಾಲ್ ನೆಲದಡಿಯ ಬಂಡೆಯೂ ಗ್ರಾನೈಟ್. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರನ್ನೇ ಹೊತ್ತ ನಮ್ಮ ಶಿಲೆಗೆ ಸುಮಾರು 250 ಕೋಟಿ ವರ್ಷ. ಅದರಲ್ಲಿ ಗಣಿ ತೋಡುವಷ್ಟು ತವರ ಸಿಕ್ಕಿಲ್ಲ. ಕಾರ್ನ್‌ವಾಲ್‌ನಲ್ಲಾದರೋ ಕಂಚಿನ ಯುಗದಿಂದ ತವರ ತೆಗೆದರು. ಅಲ್ಲಿನ ಸೌತ್ ಕ್ರಾಫ್ಟಿ ಗಣಿ 1998ರವರೆಗೂ ನಡೆಯಿತು. ಒಂದೇ ಜಾತಿಯ ಎರಡು ಕಲ್ಲುಗಳ ಹಣೆಬರಹ ಹೀಗೇಕೆ ಬೇರೆಯಾಯಿತು?

ಜರ್ಮನಿಯ ಅದಿರು ಬೆಟ್ಟಗಳಲ್ಲಿ ವೈದ್ಯನಾಗಿದ್ದ ಅಗ್ರಿಕೋಲ 1546ರಲ್ಲೇ, ನೆಲದೊಳಗೆ ಹರಿಯುವ ನೀರು ಅದಿರನ್ನು ಬಿರುಕುಗಳಲ್ಲಿ ತುಂಬುತ್ತದೆ ಎಂದು ಬರೆದ. 1791ರಲ್ಲಿ ಫ್ರೈಬರ್ಗ್‌ನ ವರ್ನರ್, ಆದಿಸಮುದ್ರದ ನೀರೇ ಮೇಲಿನಿಂದ ಇಳಿದು ಆ ಬಿರುಕುಗಳನ್ನು ತುಂಬಿತು ಎಂದ. ಸ್ಕಾಟ್ಲೆಂಡಿನ ಹಟ್ಟನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಗ್ರಾನೈಟ್ ಆಗಲಿ ಅದಿರಾಗಲಿ ಕೆಳಗಿನಿಂದ ಕರಗಿ ಬಂದದ್ದು ಎಂಬುದು ಅವನ ವಾದ. ನೀರೋ ಬೆಂಕಿಯೋ ಎಂಬ ಈ ಜಗಳದಲ್ಲಿ ಇಬ್ಬರ ಕೈಯಲ್ಲೂ ಅರ್ಧ ಸತ್ಯವಿತ್ತು. ಎರಡನ್ನೂ ಕೂಡಿಸಿದವನು ಫ್ರಾನ್ಸಿನ ಎಲೀ ದ ಬೋಮೋಂ. ಗ್ರಾನೈಟ್ ತಣಿಯುವಾಗ ಅದರಿಂದಲೇ ಹೊರಬರುವ ಆವಿ ಮತ್ತು ಬಿಸಿನೀರು ಲೋಹಗಳನ್ನು ಹೊತ್ತೊಯ್ಯುತ್ತವೆ ಎಂದು ಅವನು 1847ರಲ್ಲಿ ಹೇಳಿದ್ದು ಇಂದಿಗೂ ತಳಪಾಯವಾಗಿ ನಿಂತಿದೆ.

ಆದರೆ ಆ ನೀರನ್ನು ಕಂಡವರಾರು? 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಸಾರ್ಬಿ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೋರಿಸಿದ. ಬೆಣಚುಕಲ್ಲಿನ ಹರಳಿನೊಳಗೆ ಕೂದಲೆಳೆಗಿಂತ ಕಿರಿದಾದ ಕುಳಿಗಳು, ಕುಳಿಯಲ್ಲಿ ದ್ರವ, ದ್ರವದಲ್ಲೊಂದು ಅಲುಗಾಡುವ ಗುಳ್ಳೆ. ಹರಳು ಬೆಳೆಯುವಾಗ ಸಿಕ್ಕಿಬಿದ್ದ ಹನಿ ಅದು. ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಗುಳ್ಳೆ ಮಾಯವಾಗುತ್ತದೆ. ಹರಳು ಕಡೇಪಕ್ಷ ಅಷ್ಟು ಬಿಸಿಯಲ್ಲಿ ಹುಟ್ಟಿತ್ತು ಎಂದರ್ಥ. ನನ್ನ ಮಟ್ಟಿಗೆ ಶಿಲಾಶಾಸ್ತ್ರದ ಅತಿ ಚೆಲುವಾದ ಶೋಧ ಇದೇ.

ಗ್ರಾನೈಟ್ ಶಿಲಾರಸದಿಂದಲೇ ಹುಟ್ಟುತ್ತದೆಯೋ ಇಲ್ಲವೋ ಎಂಬ ತಕರಾರು ಮಾತ್ರ 20ನೇ ಶತಮಾನದ ನಡುವಿನವರೆಗೂ ಎಳೆಯಿತು. 1958ರಲ್ಲಿ ಟಟಲ್ ಮತ್ತು ಬೋವೆನ್ ಎಂಬ ವಿಜ್ಞಾನಿಗಳು ಪ್ರಯೋಗಗಳ ಬಲದಿಂದ ಅದನ್ನು ಬಹುಮಟ್ಟಿಗೆ ಮುಗಿಸಿದರು. ಅಲ್ಲಿಂದ ಮುಂದಿನದನ್ನು ಮಂಡ್ಯದವರಿಗೆ ಸುಲಭವಾಗಿ ಹೇಳಬಹುದು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಹರಳುಗಟ್ಟುವಾಗ ಬೇಡದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ಅದೆಲ್ಲ ಕಾಕಂಬಿಯಲ್ಲಿ ಸೇರುತ್ತದೆ. ಶಿಲಾರಸದಲ್ಲೂ ಹಾಗೆಯೇ. ಫೆಲ್ಡ್‌ಸ್ಪಾರ್, ಬೆಣಚುಕಲ್ಲು ಮೊದಲು ಗಟ್ಟಿಯಾಗುತ್ತವೆ. ಅವುಗಳ ಚೌಕಟ್ಟಿನಲ್ಲಿ ಜಾಗ ಸಿಗದ ಲಿಥಿಯಂ, ಟ್ಯಾಂಟಲಂ, ತವರ, ಟಂಗ್‌ಸ್ಟನ್, ಜೊತೆಗೆ ನೀರು, ಫ್ಲೋರಿನ್, ಬೋರಾನ್ ಕೊನೆಯ ರಸದಲ್ಲಿ ಒಟ್ಟಾಗುತ್ತವೆ. ಭೂಪದರದಲ್ಲಿ ತವರ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಅದಿರಾಗಬೇಕಾದರೆ ಸಾವಿರಕ್ಕೂ ಹೆಚ್ಚು ಪಟ್ಟು ಸಾಂದ್ರವಾಗಬೇಕು.

ಕಾಕಂಬಿ ಎಲ್ಲ ಗ್ರಾನೈಟಿಗೂ ಇದೆ, ತವರ ಎಲ್ಲದರಲ್ಲೂ ಇಲ್ಲ. ಏಕೆಂದು ತಿಳಿಸಿದವರು 1977ರಲ್ಲಿ ಜಪಾನಿನ ಇಶಿಹಾರ. ಗ್ರಾನೈಟುಗಳಲ್ಲಿ ಕೆಲವು ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಹೊತ್ತಿರುತ್ತವೆ, ಕೆಲವು ಅಷ್ಟಾಗಿ ಅಂಟದ ಇಲ್ಮನೈಟ್. ಆಮ್ಲಜನಕದ ಬಲ ಹೆಚ್ಚಿದ್ದ ಮೊದಲ ಬಗೆಯಲ್ಲಿ ತವರ ಮೊದಲ ಖನಿಜಗಳೊಳಗೇ ಸೇರಿ ಚದುರಿಹೋಗುತ್ತದೆ. ಎರಡನೆಯದರಲ್ಲಿ ಕೊನೆಯವರೆಗೆ ರಸದಲ್ಲೇ ಉಳಿಯುತ್ತದೆ. ಜೇಬಿನ ಆಯಸ್ಕಾಂತದಿಂದ ತವರದ ಮೊದಲ ಸುಳಿವು ಹಿಡಿಯುವಂತಾಯಿತು.

ಉಳಿದಿದ್ದು, ರಸದಿಂದ ಹೊರಟ ನೀರನ್ನು ಬಿಟ್ಟು ಲೋಹ ಅದಿರಾಗುವ ಗಳಿಗೆ ಯಾವುದೆಂಬ ಪ್ರಶ್ನೆ. ಸಾರ್ಬಿ ಕಂಡ ಹನಿಗಳೇ ಅದಕ್ಕೂ ಸಾಕ್ಷಿಯಾದವು. 1998ರಲ್ಲಿ ಔಡೆಟಾ, ಗುಂಥರ್, ಹೈನ್ರಿಖ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯಾದ ಮೋಲ್ ಗ್ರಾನೈಟಿನ ಯಾಂಕಿ ಲೋಡ್ ಎಂಬ ಅದಿರಿನ ಸಿರೆಯಿಂದ ತಂದ ಹರಳುಗಳಲ್ಲಿ ಹನಿಹನಿಗೂ ಲೇಸರ್ ಹೊಡೆದು ಒಳಗಿನ ಲೋಹ ಅಳೆದರು. ಶಿಲಾರಸದ ಬಿಸಿದ್ರವಕ್ಕೆ ಮೇಲಿನಿಂದ ಇಳಿದ ಮಳೆನೀರು ಬೆರೆತೊಡನೆ ಹನಿಗಳಲ್ಲಿ ತವರದ ಪ್ರಮಾಣ ಥಟ್ಟನೆ ಕುಸಿದಿತ್ತು. ಮೇಲಿನ ನೀರು ಎಂದ ವರ್ನರ್ ಪೂರ್ತಿ ಸೋತಿರಲಿಲ್ಲ.

ಮಂಡ್ಯದ ಮರ್ಲಗಲ್ಲ, ಅಲ್ಲಾಪಟ್ಟಣದ ಪೆಗ್ಮಟೈಟುಗಳೂ ಇಂಥ ಕೊನೆಯ ರಸವೇ. ಪೆಗ್ಮಟೈಟಿನ ಹರಳುಗಳು ಅಗಾಧ; ಅಮೆರಿಕದ ಎಟ್ಟಾ ಗಣಿಯಲ್ಲಿ ಸ್ಪೋಡುಮಿನ್ ಎಂಬ ಲಿಥಿಯಂ ಖನಿಜದ 12 ಮೀಟರಿಗೂ ಉದ್ದದ ಹರಳು ಸಿಕ್ಕಿತ್ತು. ನಿಧಾನವಾಗಿ ತಣಿದದ್ದರಿಂದ ಹೀಗೆ ಬೆಳೆದವು ಎಂದು ಹಿಂದೆ ನಂಬಿದ್ದರು. ರಸ ಬೇಗನೆ ತಣಿದರೂ ಹರಳು ಹೀಗೆ ಬೆಳೆಯಬಲ್ಲದು ಎಂದು ಭೂವಿಜ್ಞಾನಿ ಡೇವಿಡ್ ಲಂಡನ್ ಅವರ ಪ್ರಯೋಗಗಳು ತೋರಿಸಿವೆ.

ಮರ್ಲಗಲ್ಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳು ಸಂಭ್ರಮಿಸಿದವು. ಮರುವರ್ಷ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕ 1,600 ಟನ್, ಅದೂ ಪ್ರಾಥಮಿಕ ಅಂದಾಜು.