ಮುದ್ರಣಕ್ಕೆ ಕೊಡುವ ಮುನ್ನ: ಛಾಯಾಚಿತ್ರದ ಅಂಚು ಮತ್ತು ಕಟ್ಟು

ಸಂಘದ ರಾಜ್ಯೋತ್ಸವ, ಮನೆಯ ಷಷ್ಟ್ಯಬ್ದಿ, ಮಕ್ಕಳ ಉಪನಯನ ಮುಂತಾದ ಸಮಾರಂಭಗಳಲ್ಲಿ ನಾವು ತೆಗೆಯುವ ಚಿತ್ರಗಳು ನೂರಾರು. ಕಾಗದದ ಮೇಲೆ ಮೂಡುವುವು ಹತ್ತೋ ಹದಿನೈದೋ. ಗೋಡೆಗೇರುವುದು, ಊರಿಗೆ ಅಂಚೆಯಲ್ಲಿ ಹೋಗುವುದು, ಮುಂದಿನ ತಲೆಮಾರಿನ ಕೈಗೆ ಸಿಗುವುದು ಬಹುಮಟ್ಟಿಗೆ ಈ ಕೆಲವೇ. ಆದರೆ ಪ್ರತಿಗಳು ಬಂದಾಗ ಸಾಲಿನ ಕೊನೆಯಲ್ಲಿ ನಿಂತಿದ್ದ ಸೋದರತ್ತೆಯ ಅರ್ಧ ಮುಖ ಕಾಣೆಯಾಗಿರುತ್ತದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಊರಿನಿಂದ ಬಂದವರೇ ಚಿತ್ರದಿಂದ ಹೊರಗೆ! ಮತ್ತೆ ಎಲ್ಲರನ್ನೂ ಒಂದೆಡೆ ನಿಲ್ಲಿಸುವ ಯೋಗ ಎಷ್ಟು ಮನೆಗಳಿಗೆ ಒದಗುತ್ತದೆ?

ಇಲ್ಲಿ ಯಂತ್ರದ ದೋಷವೇನೂ ಇಲ್ಲ. ಚಿತ್ರದ ಆಕಾರವೇ ಬೇರೆ, ಕಾಗದದ ಆಕಾರವೇ ಬೇರೆ. ಹೊಂದದ ಭಾಗವನ್ನು ಯಂತ್ರ ಕತ್ತರಿಸುತ್ತದೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದಿಂದ ಜನಪ್ರಿಯವಾದ 35 ಮಿ.ಮೀ. ಫಿಲ್ಮಿನ ಒಂದೊಂದು ಚಿತ್ರವೂ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಎಂದರೆ ಮೂರಕ್ಕೆ ಎರಡರ ಅನುಪಾತ. 4×6 ಅಂಗುಲದ ಕಾಗದದ್ದೂ ಅದೇ ಅನುಪಾತವಾದ್ದರಿಂದ ಫಿಲ್ಮಿನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಕಾಡಲಿಲ್ಲ. ಇಂದಿನ ಮೊಬೈಲ್ ದೂರವಾಣಿಗಳು ಸಾಮಾನ್ಯವಾಗಿ ತೆಗೆಯುವುದು ನಾಲ್ಕಕ್ಕೆ ಮೂರರ ಚಿತ್ರ. ಅದನ್ನು 6 ಅಂಗುಲ ಉದ್ದಕ್ಕೆ ಹಿಗ್ಗಿಸಿದರೆ ಎತ್ತರ ನಾಲ್ಕೂವರೆ ಅಂಗುಲವಾಗುತ್ತದೆ. ಕಾಗದ ಇರುವುದು ನಾಲ್ಕೇ. ಹೀಗಾಗಿ ಎತ್ತರದ ಒಂಬತ್ತನೆಯ ಒಂದು ಪಾಲು ಹೋಗುತ್ತದೆ. ಹಿಂದಿನ ಸಾಲಿನವರ ಹಣೆ, ಮುಂದೆ ಕುಳಿತ ಮಕ್ಕಳ ಪಾದಗಳು ಇರುವುದು ಸರಿಯಾಗಿ ಅಲ್ಲಿಯೇ. ಚಿತ್ರವನ್ನು ಟಿ.ವಿ. ಪರದೆಯ ಆಕಾರದಲ್ಲಿ, ಅಂದರೆ ಹದಿನಾರಕ್ಕೆ ಒಂಬತ್ತರಲ್ಲಿ ತೆಗೆದಿದ್ದರೆ ಉದ್ದದಲ್ಲಿ ಒಂದು ಅಂಗುಲಕ್ಕೂ ಹೆಚ್ಚು ನಷ್ಟ.

ಎಲ್ಲಕ್ಕಿಂತ ಮೋಸದ ಅಳತೆ 8×10. ಕಟ್ಟು ಹಾಕುವ ಅಂಗಡಿಗಳಲ್ಲಿ ಈ ಅಳತೆಯ ಸಿದ್ಧ ಕಟ್ಟು ಸುಲಭವಾಗಿ ಸಿಗುತ್ತದೆಂದು ನಾವು ಅದನ್ನೇ ಆರಿಸುತ್ತೇವೆ. ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಮೂರಕ್ಕೆ ಎರಡರ ಚಿತ್ರ 8 ಅಂಗುಲ ಎತ್ತರಕ್ಕೆ ಬಂದಾಗ 12 ಅಂಗುಲ ಉದ್ದವಿರುತ್ತದೆ. ಎಡಬಲಗಳಲ್ಲಿ ಒಂದೊಂದು ಅಂಗುಲ ಕತ್ತರಿಗೆ ಬಲಿ. ಹನ್ನೆರಡು ಮಂದಿ ಚಿತ್ರದ ತುಂಬ ಒತ್ತಾಗಿ ನಿಂತಿದ್ದರೆ ಎರಡು ತುದಿಯ ಇಬ್ಬರು ಹೋದರೆಂದೇ ಲೆಕ್ಕ. ಗುಂಪಿನ ಚಿತ್ರಕ್ಕೆ 8×12 ಅಥವಾ 12×18 ಹೇಳುವುದು ಕ್ಷೇಮ. ಚಿತ್ರ ತೆಗೆಯುವವರೂ ನಾಲ್ಕು ಹೆಜ್ಜೆ ಹಿಂದೆ ಸರಿದು ಸುತ್ತಲೂ ಜಾಗ ಬಿಟ್ಟರೆ ಅರ್ಧ ಕಷ್ಟ ಅಲ್ಲಿಯೇ ಪರಿಹಾರ.

ಆದುದರಿಂದ ಮೊದಲು ಕಾಗದದ ಅಳತೆಯನ್ನು ನಿರ್ಧರಿಸಿ, ಆಮೇಲೆ ದೂರವಾಣಿಯಲ್ಲೋ ಗಣಕಯಂತ್ರದಲ್ಲೋ ಅದೇ ಅನುಪಾತಕ್ಕೆ ಚಿತ್ರವನ್ನು ನಾವೇ ಕ್ರಾಪ್ ಮಾಡಬೇಕು. ಮೂಲ ಚಿತ್ರವನ್ನು ಹಾಗೆಯೇ ಉಳಿಸಿ ಪ್ರತಿಯೊಂದರ ಮೇಲೆ ಈ ಕೆಲಸ ಮಾಡತಕ್ಕದ್ದು. ಚಿತ್ರ ವಾಲಿದ್ದರೆ ಮೊದಲು ನೇರ ಮಾಡಿಕೊಳ್ಳಬೇಕು, ಏಕೆಂದರೆ ತಿರುಗಿಸಿದಾಗಲೂ ನಾಲ್ಕು ಮೂಲೆಗಳು ಸವೆಯುತ್ತವೆ. ಏನನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ, ಕತ್ತರಿಸದೆ ಪೂರ್ಣ ಚಿತ್ರವನ್ನೇ ಬಿಳಿಯ ಅಂಚಿನೊಂದಿಗೆ ಮುದ್ರಿಸುವಂತೆ ಲ್ಯಾಬಿನವರಿಗೆ ಸ್ಪಷ್ಟವಾಗಿ ಹೇಳಬಹುದು. ಅಂತರಜಾಲದ ಮೂಲಕ ಪ್ರತಿ ತರಿಸುವಲ್ಲಿ ಇದಕ್ಕೆ ಸಾಮಾನ್ಯವಾಗಿ 'ಫಿಟ್' ಎಂದೂ, ಕತ್ತರಿಸಿ ಕಾಗದ ತುಂಬಿಸುವುದಕ್ಕೆ 'ಫಿಲ್' ಎಂದೂ ಹೆಸರು. ಬಿಳಿಯ ಅಂಚು ಅಂದಗೆಡಿಸುತ್ತದೆ ಎನ್ನುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ, ಹಳೆಯ ಸ್ಟುಡಿಯೋ ಚಿತ್ರಗಳಿಗೆಲ್ಲ ಅಂಚಿತ್ತು.

ಏನನ್ನು ಕತ್ತರಿಸಬಹುದು? ಖಾಲಿ ಕುರ್ಚಿಗಳು, ಶಾಮಿಯಾನದ ಕಂಬ, ಮೂಲೆಯ ನೀರಿನ ಡ್ರಮ್ಮು ಹೋದರೆ ಚಿತ್ರಕ್ಕೇ ಲಾಭ. ಮನುಷ್ಯರನ್ನು ಕತ್ತರಿಸಲೇಬೇಕಾದಾಗ ಮಣಿಕಟ್ಟು, ಮೊಣಕಾಲು, ಹರಡುಗಳಂತಹ ಕೀಲುಗಳಲ್ಲಿ ತುಂಡರಿಸಬಾರದು. ಸೊಂಟದ ಬಳಿಯೋ ತೊಡೆಯ ನಡುವೆಯೋ ನಿಲ್ಲಿಸಿದರೆ ಕಣ್ಣಿಗೆ ಚುಚ್ಚದು. ಒಂದು ಕಡೆಗೆ ನೋಡುತ್ತಿರುವವರ ಮುಖದ ಮುಂದೆ ಸ್ವಲ್ಪ ಬಯಲಿರಬೇಕು. ನಮ್ಮ ಸಂಘಗಳ ಯಕ್ಷಗಾನದ ಚಿತ್ರಗಳಲ್ಲಿ ಕಿರೀಟದ ತುದಿ ಹಾರಿಹೋಗಿರುವುದನ್ನು ಎಷ್ಟೋ ಬಾರಿ ಕಂಡಿದ್ದೇವೆ. ಗಂಟೆಗಟ್ಟಲೆ ಕುಳಿತು ವೇಷ ಕಟ್ಟಿಕೊಂಡ ಕಲಾವಿದನಿಗೆ ಅದಕ್ಕಿಂತ ಅನ್ಯಾಯವಿಲ್ಲ. ಭರತನಾಟ್ಯದಲ್ಲಿ ಬೆರಳ ತುದಿ ಮತ್ತು ಗೆಜ್ಜೆಗೂ ಇದೇ ಮಾತು.

ಕ್ರಾಪ್ ಮಾಡಿದಷ್ಟೂ ಚಿತ್ರದ ಕಸುವು ಇಳಿಯುತ್ತದೆ ಎಂಬುದು ನೆನಪಿರಲಿ. ಅಂಗುಲಕ್ಕೆ 300 ಪಿಕ್ಸೆಲ್ ಇದ್ದರೆ ಮುದ್ರಣ ಅಚ್ಚುಕಟ್ಟು. 4×6ಕ್ಕೆ 1800×1200 ಸಾಕು, 8×12ಕ್ಕೆ 3600×2400 ಬೇಕು. ಗೋಡೆಯ ಮೇಲೆ ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ 200 ಇದ್ದರೂ ನಡೆಯುತ್ತದೆ. 4000×3000 ಪಿಕ್ಸೆಲ್ಲಿನ ಚಿತ್ರದಲ್ಲಿ ಉದ್ದಗಲ ಎರಡನ್ನೂ ಅರ್ಧ ಮಾಡಿ ಅಜ್ಜಿಯ ಮುಖವನ್ನಷ್ಟೇ ತೆಗೆದರೆ ಉಳಿಯುವುದು ಕಾಲು ಪಾಲು. ಅದು 4×6ಕ್ಕೆ ಧಾರಾಳ, 12×18ಕ್ಕೆ ಮಸುಕು. ವಾಟ್ಸಾಪಿನಲ್ಲಿ ಎಂದಿನಂತೆ ಕಳುಹಿಸಿದ ಚಿತ್ರ ದಾರಿಯಲ್ಲಿಯೇ ಕುಗ್ಗುವುದರಿಂದ ಲ್ಯಾಬಿಗೆ 'ಡಾಕ್ಯುಮೆಂಟ್' ರೂಪದಲ್ಲಿ ಕಳುಹಿಸಬೇಕು, ಇಲ್ಲವೆ ಪೆನ್ ಡ್ರೈವಿನಲ್ಲಿ ಒಯ್ಯಬೇಕು.

ಇನ್ನು ಕಟ್ಟಿನ ವಿಚಾರ. ಮರದ ಪಟ್ಟಿಯ ಒಳತುಟಿ ನಾಲ್ಕೂ ಕಡೆ ಸುಮಾರು ಕಾಲು ಅಂಗುಲ ಚಿತ್ರವನ್ನು ಮುಚ್ಚುತ್ತದೆ. ಒಳಗೆ ರಟ್ಟಿನ ಮೌಂಟ್ ಇಟ್ಟರೆ ಅದರ ಕಿಂಡಿಯೂ ಚಿತ್ರಕ್ಕಿಂತ ಕಿರಿದಾಗಿಯೇ ಇರುತ್ತದೆ. ಅಂಚಿನವರೆಗೆ ಮುಖ ತುಂಬಿದ ಚಿತ್ರ ಕಟ್ಟಿನೊಳಗೆ ಉಸಿರುಗಟ್ಟಿದಂತೆ ಕಾಣುವುದು ಇದಕ್ಕೇ. ಅಗಲಿದ ಹಿರಿಯರ ಭಾವಚಿತ್ರವಾದರಂತೂ ತಲೆಯ ಮೇಲೂ ಭುಜಗಳ ಪಕ್ಕದಲ್ಲೂ ಧಾರಾಳವಾಗಿ ಜಾಗ ಬಿಡಬೇಕು. ಹಾರ ಬಿದ್ದ ಮೇಲೆ ಮುಖವೇ ಹೂವಿನಲ್ಲಿ ಅಡಗಬಾರದಷ್ಟೆ. ಮುಂಬೈ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಮೌಂಟಿಗೆ ಇನ್ನೊಂದು ಪ್ರಯೋಜನವಿದೆ: ಅದು ಗಾಜಿಗೂ ಚಿತ್ರಕ್ಕೂ ನಡುವೆ ಎಡೆ ಕೊಡುತ್ತದೆ. ಎಡೆಯಿಲ್ಲದಿದ್ದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ.

ಅಜ್ಜ-ಮುತ್ತಜ್ಜಂದಿರ ಹಳೆಯ ಚಿತ್ರಗಳನ್ನು ಹೊಸ ಕಟ್ಟಿಗೆ ಹೊಂದಿಸಲೆಂದು ಕತ್ತರಿ ಹಿಡಿಯಲೇಕೂಡದು. ರಟ್ಟಿನ ಕೆಳಗೆ ಉಬ್ಬಚ್ಚಿನಲ್ಲಿರುವ ಸ್ಟುಡಿಯೋ ಹೆಸರು, ಊರು, ಬೆನ್ನಿಗಿರುವ ಕೈಬರಹ ಮನೆತನದ ಚರಿತ್ರೆಗೆ ದಾಖಲೆಗಳು. ಅಂತಹವನ್ನು 600 ಡಿ.ಪಿ.ಐ.ನಲ್ಲಿ ಹಿಂದೆ ಮುಂದೆ ಎರಡೂ ಕಡೆ ಸ್ಕ್ಯಾನ್ ಮಾಡಿಸಿ, ಆ ಪ್ರತಿಯನ್ನು ಬೇಕಾದಂತೆ ಕ್ರಾಪ್ ಮಾಡಿ ಮುದ್ರಿಸಬಹುದು.

ಹೆಚ್ಚು ಪ್ರತಿಗಳು ಬೇಕಿದ್ದಾಗ ಮೊದಲು ಒಂದನ್ನೇ ತರಿಸಿ, ಸಾಲಿನ ಎರಡು ತುದಿಗಳನ್ನು ನೋಡಿ, ಬಳಿಕ ಉಳಿದವಕ್ಕೆ ಹೇಳುವುದು ಒಳ್ಳೆಯದು. ಕಟ್ಟು ಹಾಕಿಸುವ ದಿನ, ಎಡದಿಂದ ಬಲಕ್ಕೆ ಯಾರು ಯಾರೆಂದು ಇಸವಿಯೊಡನೆ ಬೇರೊಂದು ಹಾಳೆಯಲ್ಲಿ ಬರೆದು ಕಟ್ಟಿನ ಹಿಂಬದಿಗೆ ಅಂಟಿಸಬೇಕು. ಚಿತ್ರದ ಬೆನ್ನಿಗೇ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರಗಳ ಗುರುತು ಮುಂಭಾಗದಲ್ಲಿ ಮೂಡುತ್ತದೆ.